ಬೇಲಿಯ ಮೇಲಿನ ನೀಲಿ

ಹಟ್ಟಿ ಅಂದ ಕೂಡಲೇ ನೀವು ಬಂಗಾರ ಅನ್ನುತ್ತೀರಿ. ಅನ್ನಿ, ತಪ್ಪೇನೂ ಇಲ್ಲ. ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಬಾಗಿಲು ಹಾಕಿದ ಮೇಲೆ ನೆಲ ಅಗೆದು ಹೇಳಿಕೊಳ್ಳುವಷ್ಟು ಚಿನ್ನ ತೆಗೆಯುವ ಊರು ಅಂತ ದೇಶದಲ್ಲಿ ಉಳಿದದ್ದೇ ನಮ್ಮದು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಯಾವೂರು ಅಂತ ಕೇಳಿ, ಹಟ್ಟಿ ಅಂತ ಗೊತ್ತಾದರೆ ಮೊದಲು ನಮ್ಮ ಕೈಬೆರಳು ನೋಡುತ್ತಾರೆ, ಆಮೇಲೆ ಮುಖ. ಇರಲಿ. ಇವತ್ತು ಬಂಗಾರದ ಮಾತು ಬೇಡ. ಬಂದರೂ ನಡುನಡುವೆ ಬಂದು ಹೋಗಲಿ. ನನಗೆ ಹೇಳಬೇಕಾಗಿರುವುದು ನೀಲಿಯ ವಿಷಯ.

ನಮ್ಮ ಕಡೆ ಬೇಸಿಗೆ ಹ್ಯಾಂಗಿರುತ್ತದೆ ಅಂತ ಬೇರೆ ಹೇಳಬೇಕೆ? ರಾಯಚೂರು ಜಿಲ್ಲೆಯ ಹೆಸರು ಏಪ್ರಿಲ್ ಬಂತೆಂದರೆ ಪೇಪರಿನ ಮೊದಲ ಪುಟಕ್ಕೆ ಬರುವುದು ಬಿಸಿಲಿನ ಸಲುವಾಗಿಯೇ. ಆಗ ಬೇಲಿ ಅಂದರೆ ಬರೀ ಮುಳ್ಳು, ಒಣಗಿದ ಕಡ್ಡಿ, ಗಾಳಿಗೆ ಬಂದು ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ. ಆಮೇಲೆ ಮಿರಗದ ಮಳೆ ಒಂದೆರಡು ಹದ ಬೀಳುತ್ತದೆ. ಸತ್ತೇಹೋಯಿತು ಅಂದುಕೊಂಡಿದ್ದ ಬೇರಿನಿಂದ ಎಳೆಯ ಕುಡಿಯೊಂದು ಎದ್ದು, ಸಿಕ್ಕಿದ್ದನ್ನು ಸುತ್ತಿಕೊಂಡು ಏರತೊಡಗುತ್ತದೆ. ನಾಗರಪಂಚಮಿಯ ಹೊತ್ತಿಗೆ ನೋಡಿದರೆ ಮುಳ್ಳಿನ ಬೇಲಿಯ ಉದ್ದಕ್ಕೂ ಕಡುನೀಲಿ ಹೂ. ಶಂಖಪುಷ್ಪ. ಗಿರಿಕರ್ಣಿಕೆ ಅನ್ನುವವರೂ ಉಂಟು. ಮರಾಠಿ ಬಲ್ಲವರ ಮನೆಯಲ್ಲಿ ಅದು ಗೋಕರ್ಣ, ಸಿಂಧನೂರು ಕಡೆಯ ತೆಲುಗಿನವರ ಬಾಯಲ್ಲಿ ಶಂಖಪುಷ್ಪಂ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಬೇರು ಆಳಕ್ಕೆ ಇಳಿದಿರುವುದರಿಂದ ಒಂದು ಬೇಸಿಗೆಗೆಲ್ಲ ಅದು ಹೆದರುವುದಿಲ್ಲ. ನಮ್ಮ ಓಣಿಯ ಹಿರಿಯರೊಬ್ಬರು, ಗಣಿಯೊಳಗೆ ಕೆಲಸ ಮಾಡಿ ನಿವೃತ್ತರಾದವರು, ಬೇಲಿ ಸವರುವ ಹುಡುಗನಿಗೆ ಗದರಿಸುತ್ತಿದ್ದರು: "ಏ ತಮ್ಮಾ, ಮುಳ್ಳ ಕಡಿ, ಬಳ್ಳಿ ಬಿಡು. ಅದು ಬ್ಯಾಸಿಗೀ ದಾಟಿ ಬಂದೈತಿ." ಹುಡುಗ ಬಳ್ಳಿ ಬಿಟ್ಟೇ ಬೇಲಿ ಸವರುತ್ತಿದ್ದ. ಇಷ್ಟು ಎಚ್ಚರದಿಂದ ಕುಡಗೋಲು ಆಡಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಹೂವನ್ನು ಹತ್ತಿರದಿಂದ ನೋಡಿದ್ದೀರಾ? ದೇವರಿಗೆ ಏರಿಸುವ ಅವಸರದಲ್ಲಿ ಯಾರು ನೋಡುತ್ತಾರೆ ಹೇಳಿ. ಒಮ್ಮೆ ನೋಡಿ. ಇದು ತೊಗರಿ, ಕಡಲೆ, ಹೆಸರು, ಅಲಸಂದಿಯ ಮನೆತನಕ್ಕೆ ಸೇರಿದ ಬಳ್ಳಿ. ಆ ಮನೆತನದ ಹೂಗಳಿಗೆ ಒಂದು ರೀತಿ ಇದೆ: ದೊಡ್ಡ ಎಸಳೊಂದು ಹಿಂದೆ ಮೇಲಕ್ಕೆ ನಿಂತಿರುತ್ತದೆ, ಅದಕ್ಕೆ ಪತಾಕೆ ಅನ್ನುತ್ತಾರೆ. ಎರಡು ಬದಿಗೆ ರೆಕ್ಕೆ. ಕೆಳಗೆ ಎರಡು ಎಸಳು ಕೂಡಿ ದೋಣಿಯಾಗಿ ಕೇಸರಗಳನ್ನು ಒಳಗಿಟ್ಟುಕೊಂಡಿರುತ್ತವೆ. ದುಂಬಿ ಬಂದು ದೋಣಿಯ ಮೇಲೆ ಕೂತರೆ ಅದರ ಹೊಟ್ಟೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಶಂಖಪುಷ್ಪ ಇದನ್ನೆಲ್ಲ ತಲೆಕೆಳಗು ಮಾಡಿದೆ. ಇದರ ಪತಾಕೆ ಕೆಳಗೆ ಹಾಸಿದೆ, ದೋಣಿ ಮೇಲಿದೆ. ದುಂಬಿಯು ಅಂಗಳಕ್ಕೆ ಇಳಿದ ಹಾಗೆ ಆ ನೀಲಿಯ ಮೇಲೆ ಇಳಿದು, ನಡುವಿನ ಹಳದಿ-ಬಿಳಿ ಗೆರೆಯ ಗುರುತು ಹಿಡಿದು ಒಳಗೆ ನುಗ್ಗಿದರೆ ಪರಾಗ ಬೆನ್ನಿಗೆ ಹತ್ತುತ್ತದೆ. ಇಷ್ಟೆಲ್ಲ ವ್ಯವಸ್ಥೆ ಇದ್ದೂ ದುಂಬಿ ಬರಲೇಬೇಕೆಂಬ ಹಟವೂ ಇಲ್ಲ. ಬಹುಪಾಲು ಹೂಗಳು ಅರಳುವ ಮೊದಲೇ ತಮ್ಮೊಳಗೇ ಪರಾಗಸ್ಪರ್ಶ ಮುಗಿಸಿಕೊಂಡಿರುತ್ತವೆ. ಹಾಗಾದರೆ ಇಷ್ಟು ದೊಡ್ಡ ನೀಲಿ ಪತಾಕೆ ಯಾರಿಗಾಗಿ? ಕೇಳುತ್ತಾ ಕೂತರೆ ಸಂಜೆಯಾಗುತ್ತದೆ, ಅಷ್ಟರೊಳಗೆ ಹೂ ಮುದುಡಿರುತ್ತದೆ. ಇದರ ಆಯುಷ್ಯ ಒಂದೇ ದಿನ.

ಮನೆತನ ಅಂದೆನಲ್ಲ, ಅದರ ಮಾತು ಸ್ವಲ್ಪ ಆಡಬೇಕು. ಹಟ್ಟಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಕಣ್ಣಿಗೆ ಬೀಳುವ ಗಿಡಮರಗಳಲ್ಲಿ ಬಹಳಷ್ಟು ಇದೇ ಕುಲದವು. ಜಾಲಿ ಇವರವನೇ. ಹುಣಸೆ, ಹೊಂಗೆ, ಮುತ್ತುಗ, ಹೊಲದ ಬದುವಿನ ಮೇಲೆ ಹಳದಿ ಹೂ ಹೊತ್ತು ನಿಲ್ಲುವ ತಂಗಡಿ, ಎಲ್ಲ ಬಂಧುಗಳೇ. ಎರಿ ಹೊಲದ ಕಡಲೆ, ತೊಗರಿ, ಮಸಾರಿ ನೆಲದ ಶೇಂಗಾ ಕೂಡ. ಹಾಳುಬಿದ್ದ ನೆಲವನ್ನೆಲ್ಲ ತನ್ನದು ಮಾಡಿಕೊಂಡಿರುವ ಬಳ್ಳಾರಿ ಜಾಲಿಯೂ ದೂರದ ಅಮೆರಿಕ ಖಂಡದಿಂದ ಬಂದು ಸೇರಿಕೊಂಡ ಸಂಬಂಧಿಕನೇ. ಬಯಲುಸೀಮೆ ಉಸಿರಾಡುತ್ತಿರುವುದು ಈ ಒಂದು ಮನೆತನದ ಆಸರೆಯಿಂದ ಅಂದರೂ ನಡೆದೀತು. ಇವುಗಳಲ್ಲಿ ಬಹುಪಾಲಿನ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೂಡಿಸುವ ಸೂಕ್ಷ್ಮಜೀವಿಗಳಿರುತ್ತವೆ. ಶಂಖಪುಷ್ಪದ ಬೇರಿನಲ್ಲೂ ಇವೆ. ಆದರೆ ಈ ಬಳಗದ ಹೂವಿನ ಬಣ್ಣ ನೋಡಿ: ನಮ್ಮ ಕಡೆ ಹೆಚ್ಚಾಗಿ ಹಳದಿಯದೇ ರಾಜ್ಯ. ನೀಲಿ ಅಪರೂಪ. ಅಷ್ಟು ಕಡುನೀಲಿಯಂತೂ ಈ ಬಳ್ಳಿಯೊಂದರದೇ.

ಬನ್ನಿಯನ್ನು ಬಿಟ್ಟೆ ಅಂದುಕೊಂಡಿರಾ? ಬಿಡಲಿಲ್ಲ, ಕಡೆಗೆ ಇಟ್ಟುಕೊಂಡೆ. ಬನ್ನಿಯೂ ಈ ಮನೆತನದ ಮರ. ದಸರೆಯ ಸಂಜೆ ನಮ್ಮಲ್ಲಿ ಬನ್ನಿ ಎಲೆ ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುತ್ತೇವೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಹಿರಿಯರ ಕಾಲಿಗೆ ಬೀಳುತ್ತೇವೆ, ಜಗಳವಾಡಿದವರೂ ಅವತ್ತು ಎಲೆ ಕೊಟ್ಟು ಮಾತಾಡುತ್ತಾರೆ. ಉತ್ತರ ಕರ್ನಾಟಕದ ತುಂಬ ಇದೇ ಪದ್ಧತಿ, ಆದರೆ ಬಂಗಾರದ ಊರಿನಲ್ಲಿ ಈ ಮಾತು ಕೇಳುವ ಸುಖವೇ ಬೇರೆ. ಪಾಳಿ ಮುಗಿಸಿ ಬಂದವರು ಕೈಕಾಲು ತೊಳೆದುಕೊಂಡು, ಹೊಸ ಅಂಗಿ ತೊಟ್ಟು, ನೆಲದಡಿಯ ಬಂಗಾರವನ್ನು ಅಲ್ಲೇ ಬಿಟ್ಟು ಎಲೆಯ ಬಂಗಾರ ಹಂಚಲು ಹೊರಡುತ್ತಾರೆ.

ಅದೇ ವಿಜಯದಶಮಿಯ ದಿನ ಈ ನೀಲಿ ಬಳ್ಳಿಗೂ ಒಂದು ಪೂಜೆ ಉಂಟು ಅಂದರೆ ನಂಬುತ್ತೀರಾ? ಸಂಸ್ಕೃತದಲ್ಲಿ ಇದಕ್ಕೆ ಅಪರಾಜಿತಾ ಅಂತಲೂ ಹೆಸರು. ಧರ್ಮಸಿಂಧುವಿನಂಥ ಗ್ರಂಥಗಳು ವಿಜಯದಶಮಿಗೆ ಸೀಮೋಲ್ಲಂಘನ ಮತ್ತು ಶಮೀಪೂಜೆಯ ಜೊತೆಗೆ ಅಪರಾಜಿತಾ ದೇವಿಯ ಪೂಜೆಯನ್ನೂ ಹೇಳುತ್ತವೆ. ಬಂಗಾಳಿಗಳು ಅವತ್ತು ಈ ಬಳ್ಳಿಯನ್ನೇ ಪೂಜಿಸಿ ಕೈಗೆ ಕಟ್ಟಿಕೊಳ್ಳುತ್ತಾರೆ. ಬಂಗಾಳ ಎಲ್ಲಿ, ನಾವೆಲ್ಲಿ ಅನ್ನಬೇಡಿ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು ನಮ್ಮಿಂದ ಎಷ್ಟು ದೂರ? ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತು. ನದಿಯ ನಾಡಿನಲ್ಲಿ ಹುಟ್ಟಿದವರು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಭತ್ತ ಬೆಳೆದು, ಮೀನು ಸಾಕಿ, ಕನ್ನಡ ಕಲಿತು, ಶರನ್ನವರಾತ್ರಿಗೆ ದುರ್ಗೆಯ ಮೂರ್ತಿ ಕೂರಿಸುತ್ತ ಬಂದಿದ್ದಾರೆ. ಊರು ಬಿಟ್ಟು ಬಂದವರಿಗೆ ಏನೇನು ಸಿಗಲಿಲ್ಲವೋ, ಅದರ ಪಟ್ಟಿ ಉದ್ದ ಇದ್ದೀತು. ಅಪರಾಜಿತೆಯನ್ನು ಮಾತ್ರ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ಈ ಸೀಮೆಯ ಬೇಲಿಗಳ ಮೇಲೆ ಮೊದಲೇ ಇತ್ತು. ಒಂದೇ ದಿನ, ಒಂದೇ ಜಿಲ್ಲೆಯಲ್ಲಿ, ಒಂದೇ ಮನೆತನದ ಎರಡು ಗಿಡಗಳಿಗೆ ಇಬ್ಬರು ಕೈಮುಗಿಯುತ್ತಾರೆ. ಇದಕ್ಕಿಂತ ಚಂದದ ನೆರೆಹೊರೆ ನನಗೆ ಗೊತ್ತಿಲ್ಲ.

ಬಳ್ಳಿಯ ಹುಟ್ಟೂರು ಯಾವುದು ಅನ್ನುವುದರಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಆಫ್ರಿಕ ಅನ್ನುವವರಿದ್ದಾರೆ, ಏಷ್ಯ ಅನ್ನುವವರಿದ್ದಾರೆ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಕೊಟ್ಟ ಶಾಸ್ತ್ರೀಯ ಹೆಸರಿನ ಎರಡನೆಯ ಪದ ಟರ್ನೇಟಿಯ; ಅದು ಇಂಡೋನೇಷ್ಯದ ಟರ್ನೇಟ್ ಎಂಬ ದ್ವೀಪದ್ದು. ಲವಂಗಕ್ಕಾಗಿ ಪೋರ್ಚುಗೀಸರೂ ಡಚ್ಚರೂ ಬಡಿದಾಡಿದ ದ್ವೀಪ, ನಡುವೆ ಬೆಂಕಿ ಉಗುಳುವ ಬೆಟ್ಟ. ಅಲ್ಲಿಂದಲೇ 1858ರಲ್ಲಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಡಾರ್ವಿನ್ನನಿಗೆ ತನ್ನ ಲೇಖನ ಕಳಿಸಿದ್ದು; ಜೀವಿಗಳು ಹೇಗೆ ಮಾರ್ಪಡುತ್ತ ಹೋಗುತ್ತವೆ ಎಂಬ ಆ ಲೇಖನ ಓದಿಯೇ ಡಾರ್ವಿನ್ ತಾನು ವರ್ಷಗಟ್ಟಲೆ ಕಟ್ಟಿಟ್ಟಿದ್ದ ವಿಚಾರವನ್ನು ಹೊರಗೆ ತಂದ. ಲಿನೇಯಸನಿಗಿಂತ ಮೊದಲೇ ನಮ್ಮ ಪಕ್ಕದ ಮಲಬಾರಿನಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಹಾರ್ಟಸ್ ಮಲಬಾರಿಕಸ್ ಎಂಬ 12 ಸಂಪುಟಗಳ ಗ್ರಂಥದಲ್ಲಿ ಈ ಬಳ್ಳಿಯ ಚಿತ್ರ, ಶಂಖಪುಷ್ಪವೆಂಬ ದೇಶೀ ಹೆಸರಿನ ಜೊತೆಗೇ ಅಚ್ಚಾಗಿತ್ತು. ಆ ಗ್ರಂಥಕ್ಕೆ ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರಿದ್ದರು, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ಮಾತಿನ ವೈದ್ಯರಿದ್ದರು. ದೊಡ್ಡ ದೊಡ್ಡ ಪುಸ್ತಕಗಳ ಹಿಂದೆ ಇಂಥವರೇ ಇರುತ್ತಾರೆ, ನೋಡಿ.

ಗಿಡಗಳ ಮಾತು ಪುಸ್ತಕದಲ್ಲಷ್ಟೇ ಅಲ್ಲ, ಬಂಡೆಯ ಮೇಲೂ ಉಂಟು. ಹುಡುಕಿದ್ದೊಂದು, ಸಿಕ್ಕಿದ್ದೊಂದು ಅನ್ನುವುದಕ್ಕೆ ನಮ್ಮ ಜಿಲ್ಲೆಯ ಮಸ್ಕಿಗಿಂತ ಒಳ್ಳೆಯ ನಿದರ್ಶನ ಬೇಕೆ? 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಸುಳಿವು ಹುಡುಕುತ್ತ ಮಸ್ಕಿಯ ಗುಡ್ಡಕ್ಕೆ ಬಂದ. ಬಂಡೆಯ ಮೇಲೆ ಅಕ್ಷರ ಕಂಡವು. ಓದಿ ನೋಡಿದರೆ ಅಶೋಕನ ಶಾಸನ, ಅದರಲ್ಲೂ ಅವನ ಹೆಸರೇ ಇರುವ ಶಾಸನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಆ ಅರಸ ಅಶೋಕನೇ ಎಂದು ನಮ್ಮ ಸೀಮೆಯ ಬಂಡೆ ಹೇಳಿತು. ಆ ದೊರೆ ತನ್ನ ಎರಡನೆಯ ಶಿಲಾಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಔಷಧಿಯ ಗಿಡಗಳನ್ನು, ಇಲ್ಲದ ಕಡೆಗೆ ತರಿಸಿ ನೆಡಿಸಿದೆ ಅಂತ ಹೇಳಿಕೊಂಡಿದ್ದಾನೆ. ಯುದ್ಧ ಗೆದ್ದದ್ದನ್ನು ಬಂಡೆಯ ಮೇಲೆ ಬರೆಸಿದ ಅರಸರು ಲೆಕ್ಕವಿಲ್ಲದಷ್ಟು. ಗಿಡ ನೆಡಿಸಿದ್ದನ್ನು ಬರೆಸಿದವರು ಎಷ್ಟು ಜನ? ಇನ್ನು ಹಟ್ಟಿಯ ಹಳೆಯ ಗಣಿಗುಂಡಿಗಳೋ, ಅವೂ ಸುಮಾರು ಆ ಕಾಲಕ್ಕೆ ಹತ್ತಿರದವು. 600 ಅಡಿಗೂ ಹೆಚ್ಚು ಆಳದಲ್ಲಿ ಸಿಕ್ಕ ಹಳೆಯ ಮರದ ತುಂಡುಗಳನ್ನು ಪರೀಕ್ಷೆ ಮಾಡಿದಾಗ ಅವಕ್ಕೆ ಸುಮಾರು 2000 ವರ್ಷ ವಯಸ್ಸಾಗಿತ್ತು. ಮದ್ದಿಲ್ಲ, ಯಂತ್ರವಿಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಬಿರಿಯಿಸಿ ಅಷ್ಟು ಆಳಕ್ಕೆ ಇಳಿದಿದ್ದರು. ಆ ಬೆಂಕಿಗೆ ಎಷ್ಟು ಜಾಲಿ, ಎಷ್ಟು ಬನ್ನಿ ಉರಿದು ಹೋದವೋ ಅಂತ ನನಗೆ ಸಂಕಟವಾಗುತ್ತದೆ.

ಬಂಗಾರದ ಮಾತು ಬೇಡ ಅಂದಿದ್ದೆ, ಬಂತು. ಬಂದಿದ್ದಕ್ಕೆ ಒಂದು ಉಪಯೋಗ ಮಾಡಿಕೊಳ್ಳೋಣ. ಕಂಪನಿ ಶುರುವಾದದ್ದು 1947ರಲ್ಲಿ, ನಿಜಾಮರ ಕಾಲದ ಕೊನೆಗೆ, ಹೈದರಾಬಾದ್ ಚಿನ್ನದ ಗಣಿ ಎಂಬ ಹೆಸರಿನಲ್ಲಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಟ್ಟಿಯ ಹೆಸರು ಬಂತು. ಮಲ್ಲಪ್ಪ ಶಾಫ್ಟಿನಿಂದ ಮೇಲೆ ಬಂದ ಕಲ್ಲು ಕಲ್ಲಾಗಿಯೇ ಇರುತ್ತದೆ, ಬಂಗಾರ ಕಣ್ಣಿಗೆ ಕಾಣುವುದಿಲ್ಲ. ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ. ಅದನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಸೈನೈಡ್ ಬೆರೆಸಿದ ನೀರಿನಲ್ಲಿ ಕರಗಿಸಿ ತೆಗೆಯಬೇಕು. 1887ರಲ್ಲಿ ಗ್ಲಾಸ್ಗೋದಲ್ಲಿ ಕಂಡುಹಿಡಿದ ವಿಧಾನ ಇದು. ಅದಕ್ಕೆ ಸುಣ್ಣ ಹಾಕುತ್ತಾರೆ. ಯಾಕೆ? ಆ ನೀರು ಹುಳಿಯ ಕಡೆಗೆ ತಿರುಗಿದರೆ ಸೈನೈಡ್ ವಿಷದ ಗಾಳಿಯಾಗಿ ಮೇಲೇಳುತ್ತದೆ. ಸುಣ್ಣ ಅದನ್ನು ಕ್ಷಾರದ ಕಡೆಗೇ ಹಿಡಿದಿಡುತ್ತದೆ. ಹೀಗೆ ನೀರು ಹುಳಿಯೋ ಕ್ಷಾರವೋ ಅನ್ನುವುದು ಬಂಗಾರದ ಕಾರಖಾನೆಯಲ್ಲಿ ಜೀವದ ಪ್ರಶ್ನೆ. ಅಲ್ಲಿ ಅಳೆಯಲು ಉಪಕರಣಗಳಿವೆ. ನಮ್ಮ ಬೇಲಿಯ ಮೇಲಿನ ಹೂ ಅದನ್ನೇ ಉಪಕರಣವಿಲ್ಲದೆ ಹೇಳುತ್ತದೆ.

ಇದನ್ನು ಮಕ್ಕಳಿಗೆ ತೋರಿಸಬೇಕು. ನಾಲ್ಕಾರು ಹೂ ಕಿತ್ತು ಬಿಸಿನೀರಿಗೆ ಹಾಕಿ, ನೀರು ನೀಲಿಯಾಗುತ್ತದೆ. ಗಾಜಿನ ಲೋಟಗಳಿಗೆ ಹಂಚಿ. ಒಂದಕ್ಕೆ ನಿಂಬೆಹುಳಿ ಹಿಂಡಿ: ನೇರಳೆಗೆ ತಿರುಗಿ, ಇನ್ನೂ ಹಿಂಡಿದರೆ ಗುಲಾಬಿಗೆ ಬರುತ್ತದೆ. ಇನ್ನೊಂದಕ್ಕೆ ತಾಂಬೂಲದ ಸುಣ್ಣದ ತಿಳಿನೀರು ಹಾಕಿ: ಹಸಿರಾಗುತ್ತದೆ. 1664ರಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ತನ್ನ ದೇಶದ ವಯೊಲೆಟ್ ಹೂವಿನ ಪಾಕದಿಂದ ಇಂಥದೇ ಪರೀಕ್ಷೆ ಬರೆದಿಟ್ಟ, ಅದರಿಂದ ರಸಾಯನಶಾಸ್ತ್ರಕ್ಕೆ ಒಂದು ದೊಡ್ಡ ಸಲಕರಣೆ ಸಿಕ್ಕಿತು. ನಮ್ಮ ಹುಡುಗರಿಗೆ ವಯೊಲೆಟ್ ಹೂ ಎಲ್ಲಿಂದ ತರೋಣ? ಶಾಲೆಯ ಕಂಪೌಂಡಿಗೆ ಈ ಬಳ್ಳಿ ಹಬ್ಬಿಸಿದರೆ ಸಾಕು, ವಿಜ್ಞಾನದ ಪಾಠ ಗೋಡೆಯ ಮೇಲೆ ಬೆಳೆಯುತ್ತದೆ. ಲಿಟ್ಮಸ್ ಕಾಗದ ಖರೀದಿಗೆ ರೊಕ್ಕ ಬರಲಿಲ್ಲ ಅನ್ನುವ ಮಾತು ಆಮೇಲೆ ಬೇಕಾಗುವುದಿಲ್ಲ.

ನೀಲಿ ಅಂದಾಗ ಇನ್ನೊಂದು ಗಿಡದ ನೆನಪಾಗುತ್ತದೆ, ಅದೂ ಇದೇ ಮನೆತನದ್ದು: ಬಟ್ಟೆಗೆ ಬಣ್ಣ ಕೊಡುವ ನೀಲಿ ಗಿಡ. ಅದರ ಹೂ ಗುಲಾಬಿ, ನೀಲಿ ಇರುವುದು ಸೊಪ್ಪಿನಲ್ಲಿ. ಆ ಸೊಪ್ಪಿನ ಬಣ್ಣ ಒಗೆತಕ್ಕೆ ಜಗ್ಗದು, ಬಿಸಿಲಿಗೆ ಜಗ್ಗದು. ಅದು ಗಟ್ಟಿ ಬಣ್ಣವಾದದ್ದೇ ರೈತರ ಪಾಲಿಗೆ ಶಾಪವಾಯಿತು. ಬಂಗಾಳದಲ್ಲಿ 1859ರಲ್ಲಿ ನೀಲಿ ಬೆಳೆಗಾರರು ದಂಗೆ ಎದ್ದರು, 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದೂ ಅದೇ ಗಿಡದ ಸಲುವಾಗಿ. ಶಂಖಪುಷ್ಪದ ನೀಲಿ ಬಟ್ಟೆಗೆ ನಿಲ್ಲುವುದಿಲ್ಲ. ನಾಲ್ಕು ಒಗೆತಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಯಾವ ಸಾಹುಕಾರನೂ ಇದನ್ನು ರೈತನ ಹೊಲಕ್ಕೆ ಬಲವಂತದಿಂದ ಹಾಕಿಸಲಿಲ್ಲ, ಬೇಲಿಯ ಮೇಲೆ ತನ್ನ ಪಾಡಿಗೆ ತಾನು ಅರಳುತ್ತ ಉಳಿಯಿತು. ಆ ಭಾಗ್ಯಕ್ಕೆ ನಾನು ನಿಜವಾಗಿ ಸಂತೋಷಪಡುತ್ತೇನೆ.

ಹೊಟ್ಟೆಗೆ ಮಾತ್ರ ಈ ಬಣ್ಣ ಹೋಗುತ್ತದೆ. ಮಲೇಷ್ಯದ ಕೆಲಂತಾನ್ ಕಡೆ ಈ ಹೂವಿನ ನೀರಿನಲ್ಲಿ ಅನ್ನ ಮಾಡಿ, ನಾಸಿ ಕೆರಾಬು ಅಂತ ಬಡಿಸುತ್ತಾರೆ, ಅನ್ನವೇ ನೀಲಿ. ಥಾಯ್ಲೆಂಡಿನಲ್ಲಿ ಪಾನಕ. 2021ರಲ್ಲಿ ಅಮೆರಿಕ ಸರ್ಕಾರ ಈ ಹೂವಿನ ಸಾರವನ್ನು ತಿನಿಸಿನ ಬಣ್ಣವಾಗಿ ಬಳಸಲು ಒಪ್ಪಿಗೆ ಕೊಟ್ಟಿತು. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಬ್ಲೂ ಟೀ ಅಂತ ಒಣಗಿದ ಹೂ ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ, ಬೆಲೆ ಕೇಳಿದರೆ ನಮ್ಮೂರ ಬೇಲಿಗಳೆಲ್ಲ ಬಂಗಾರದವು ಅನ್ನಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಕೇಳಿಸಿಕೊಳ್ಳಿ: ಬೇರು, ಬೀಜ ಭೇದಿ ಮಾಡಿಸುತ್ತವೆ, ವೈದ್ಯರನ್ನು ಕೇಳದೆ ಬಾಯಿಗೆ ಹಾಕಬೇಡಿ. ಇನ್ನು ನೆನಪಿನ ಶಕ್ತಿಗೆ ಶಂಖಪುಷ್ಪಿ ಅಂತ ಬಾಟಲಿಯಲ್ಲಿ ಮಾರುವುದು ಬಹಳ ಸಲ ಬೇರೆಯೇ ಗಿಡ, ನೆಲಕ್ಕೆ ಹಬ್ಬುವ ಸಣ್ಣ ಹೂವಿನದು. ಕೇರಳದ ವೈದ್ಯರು ಮಾತ್ರ ನಮ್ಮ ಈ ಬಳ್ಳಿಯನ್ನೇ ಆ ಹೆಸರಿನಿಂದ ಬಳಸುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಆಸ್ಟ್ರೇಲಿಯದ್ದು. ಅಲ್ಲಿಯ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲೂ ನಮ್ಮ ಹಾಗೇ ಎರಿ ನೆಲ ಉಂಟು. ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಕಾಲು ಹಿಡಿಯುತ್ತದೆ. ಆ ನೆಲಕ್ಕೆ ಹೊಂದುವ ದನದ ಮೇವು ಹುಡುಕುತ್ತ ಹೋದವರು ಕಡೆಗೆ ಈ ಬಳ್ಳಿಯ ಹತ್ತಿರ ಬಂದು ನಿಂತರು, ಅದರಿಂದ ಮಿಲ್ಗಾರ ಎಂಬ ಮೇವಿನ ತಳಿ ಮಾಡಿ ರೈತರಿಗೆ ಕೊಟ್ಟರು. ದನ ಇದನ್ನು ಇಷ್ಟಪಟ್ಟು ತಿನ್ನುತ್ತವೆ, ತಿಂದು ಬಿಟ್ಟ ಬುಡದಿಂದ ಮತ್ತೆ ಚಿಗುರುತ್ತದೆ, ನೆಲಕ್ಕೆ ಸಾರಜನಕ ಉಳಿಯುತ್ತದೆ. ಅಷ್ಟಕ್ಕೇ ನಿಲ್ಲಲಿಲ್ಲ. ಈ ಬಳ್ಳಿಯಲ್ಲಿ ಉಂಗುರದ ಆಕಾರದ ಸಣ್ಣ ಪ್ರೋಟೀನುಗಳಿವೆ, ಹುಳಗಳಿಗೆ ಅವು ಆಗುವುದಿಲ್ಲ. ಬಳ್ಳಿಯ ಸಾರದಿಂದ ಹತ್ತಿ ಬೆಳೆಯ ಹುಳಕ್ಕೆ ಸಿಂಪಡಿಸುವ ಔಷಧಿ ಮಾಡಿ ಅಲ್ಲಿ ಮಾರುಕಟ್ಟೆಗೂ ತಂದಿದ್ದಾರೆ. ಹತ್ತಿ! ರಾಯಚೂರಿನ ಹತ್ತಿ ಮಾರುಕಟ್ಟೆಗೆ ಗಾಡಿ ಹೂಡಿದ ಮನೆತನದವರು ನಾವು. ಹತ್ತಿ ಹೊಲಕ್ಕೆ ಎಣ್ಣೆ ಹೊಡೆದು ಹೊಡೆದು ಕೈ ಸುಟ್ಟುಕೊಂಡ ರೈತರನ್ನು ದಿನಾ ನೋಡುತ್ತೇವೆ. ಆ ಹೊಲದ ಬದುವಿನ ಮೇಲೆಯೇ ಈ ಬಳ್ಳಿ ಹಬ್ಬಿರುತ್ತದೆ. ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಧಾರವಾಡದಲ್ಲೇ ಇದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ. ನಮ್ಮ ಎರಿ ಹೊಲದ ಬದುಗಳಿಗೆ ಇದನ್ನು ಮೇವಾಗಿ ಹಬ್ಬಿಸುವ ಕೆಲಸ ಊರೂರಿಗೆ ಬರಬೇಕು ಅಂತ ನನ್ನ ಆಸೆ. ಬಂಗಾರ ಎಷ್ಟೇ ಇದ್ದರೂ ಒಂದು ದಿನ ಮುಗಿಯುತ್ತದೆ, ಕೋಲಾರವನ್ನು ನೋಡಿಲ್ಲವೇ? ಎತ್ತಿಗೆ ಮೇವು ಪ್ರತಿ ವರ್ಷ ಬೇಕು.

ಬಿತ್ತುವುದು ಕಷ್ಟವಲ್ಲ. ಒಣಗಿದ ಚಪ್ಪಟೆ ಕಾಯಿ ಬಿಡಿಸಿದರೆ ಬೀಜ ಸಿಗುತ್ತವೆ. ಸಿಪ್ಪೆ ಗಟ್ಟಿ, ಅದಕ್ಕೆ ಒಂದು ಕಡೆ ಸ್ವಲ್ಪ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಹಾಕಿ, ಮಿರಗದ ಮಳೆ ಬಿದ್ದ ಮರುದಿನ ಬೇಲಿಯ ಬುಡಕ್ಕೆ ಊರಿ. ಗೊಬ್ಬರ ಬೇಡ, ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ಬೀಜ ಎಲ್ಲೂ ಸಿಗಲಿಲ್ಲ ಅಂದರೆ ದಸರಾ ಕಳೆದ ಮೇಲೆ ನಮ್ಮ ಹಟ್ಟಿಗೆ ಬರ್ರಿ. ಕಾಯಿ ಒಣಗಿರುತ್ತವೆ, ಯಾವ ಮನೆಯಲ್ಲಿ ಕೇಳಿದರೂ ಬೊಗಸೆ ತುಂಬ ಕೊಡುತ್ತಾರೆ, ಚಹಾ ಕುಡಿಸಿಯೇ ಕಳಿಸುತ್ತಾರೆ.